ಸೊನ್ನೆಯನೆಯ ಗುನ್ವೋರ್

ಗುನ್ವೋರ್ ಗಾಳಿಯಲ್ಲಿರುವಾಗ ನಗುತ್ತಿದ್ದಳು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮ ತ್ವೆರ್ದಾಲ್ ಕಣಿವೆಯ ಆಚೆಯವರು ಯಾರೂ ಇದನ್ನು ನಂಬುವುದಿಲ್ಲ. ಉಳಿದವರೆಲ್ಲ ಸ್ಕೀ ಕಟ್ಟಿಕೊಂಡು ಗುಡ್ಡದ ಕಟ್ಟೆಯಿಂದ ಹಾರುವಾಗ ಹಲ್ಲು ಕಚ್ಚಿಕೊಂಡಿರುತ್ತಿದ್ದರು, ಇಲ್ಲವೇ ದೇವರನ್ನು ನೆನೆಯುತ್ತಿದ್ದರು. ಇವಳು ಕಟ್ಟೆ ಬಿಟ್ಟ ಕ್ಷಣದಿಂದ ನೆಲ ಮುಟ್ಟುವವರೆಗೂ ಕಿಲಕಿಲ ನಗುತ್ತಲೇ ಇರುತ್ತಿದ್ದಳು. ಕೆಳಗೆ ನಿಂತ ನಮಗೆ ಆ ನಗು ತಲೆಯ ಮೇಲಿಂದ ಹಾದುಹೋಗುವುದು ಕೇಳುತ್ತಿತ್ತು. ಕೇಳಿದವರಿಗೂ ನಗು ಬರುತ್ತಿತ್ತು. ಚರ್ಚಿನ ಪಾದ್ರಿಗೂ ಬರುತ್ತಿತ್ತು.

"ಯಾಕೆ ಹಾಗೆ ನಗ್ತೀಯೇ?" ಎಂದು ಒಮ್ಮೆ ಕೇಳಿದ್ದೆ.

"ಹೊಟ್ಟೆಯೊಳಗೆ ಯಾರೋ ಸೋಡಾ ಬಾಟ್ಲಿ ಮುಚ್ಚಳ ತೆಗೆದ ಹಾಗಾಗುತ್ತೆ ಕಣೇ ಯೋರುನ್. ನಾನೇನ್ ಮಾಡ್ಲಿ?"

ಯೋರುನ್ ಅಂದರೆ ನಾನು. ಊರಿನ ಪಂಚಾಯಿತಿ ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದೆ. ಚಳಿಗಾಲದ ಭಾನುವಾರಗಳಲ್ಲಿ ಸ್ಕಾರ್ವೆ ಗುಡ್ಡದ ಬುಡದಲ್ಲಿದ್ದ ಮರದ ಗೂಡಿನೊಳಗೆ ಕೂತು, ಬೆರಳು ಕತ್ತರಿಸಿದ ಕೈಗವಸು ಹಾಕಿಕೊಂಡು, ಜಿಗಿತದ ಸ್ಪರ್ಧೆಯ ಫಲಿತಾಂಶ ಟೈಪ್ ಮಾಡುವುದು ನನ್ನ ಕೆಲಸ. ಗುನ್ವೋರ್ ಡೈರಿಯಲ್ಲಿ ದುಡಿಯುತ್ತಿದ್ದಳು. ನಾನು ಹೇಳುತ್ತಿರುವುದು ಸಾವಿರದ ಒಂಬೈನೂರ ಎಪ್ಪತ್ತನಾಲ್ಕರ ಮಾತು. ಆಗ ಅವಳಿಗೆ ಮೂವತ್ತೊಂದು ವರ್ಷ, ಮದುವೆಯಾಗಿರಲಿಲ್ಲ. ನಲವತ್ತು ಲೀಟರಿನ ಹಾಲಿನ ಕ್ಯಾನನ್ನು ಒಂದೊಂದು ಕೈಯಲ್ಲಿ ಒಂದೊಂದು ಹಿಡಿದು ಮೆಟ್ಟಿಲು ಹತ್ತುತ್ತಿದ್ದಳು. ಜಿಗಿಯುವುದನ್ನು ಅವಳಿಗೆ ಯಾರೂ ಕಲಿಸಿದ್ದಲ್ಲ. ಏಳು ವರ್ಷದವಳಿದ್ದಾಗ ಕೊಟ್ಟಿಗೆಯ ಸೂರಿನ ಮೇಲಿಂದ ಹಿಮದ ರಾಶಿಗೆ ಹಾರಿದ್ದಳಂತೆ. ಆಮೇಲೆ ನಿಲ್ಲಿಸಲೇ ಇಲ್ಲ.

ಆ ಕಾಲದಲ್ಲಿ ಹೆಂಗಸರಿಗೆ ಸ್ಪರ್ಧೆಗೆ ಇಳಿಯಲು ಬಿಡುತ್ತಿರಲಿಲ್ಲ. ಆದರೆ ಸ್ಪರ್ಧೆ ಶುರುವಾಗುವ ಮುಂಚೆ ಒಬ್ಬರು ಹಾರಿ ಗುಡ್ಡವನ್ನು ಪರೀಕ್ಷಿಸಬೇಕಲ್ಲ? ಹಿಮ ಎಷ್ಟು ಜಾರುತ್ತಿದೆ, ಗಾಳಿ ಯಾವ ಕಡೆಯಿಂದ ಬೀಸುತ್ತಿದೆ, ಎಷ್ಟು ಮೇಲಿನಿಂದ ಜಾರಿ ಬಂದರೆ ಎಷ್ಟು ದೂರ ಹೋಗುತ್ತೇವೆ, ಇದೆಲ್ಲ ಗೊತ್ತಾಗದೆ ಮೊದಲನೆಯವನನ್ನು ಬಿಡುವ ಹಾಗಿಲ್ಲ. ಆ ಕೆಲಸಕ್ಕೆ ಯಾವ ಗಂಡಸೂ ಮುಂದೆ ಬರುತ್ತಿರಲಿಲ್ಲ. ಬಹುಮಾನವಿಲ್ಲ, ಪಟ್ಟಿಯಲ್ಲಿ ಹೆಸರಿಲ್ಲ, ಕಾಲು ಮುರಿದರೆ ಮಾತ್ರ ಅದು ತನ್ನದು. ಹಾಗಾಗಿ ಎಂಟು ವರ್ಷದಿಂದ ಆ ಕೆಲಸ ಗುನ್ವೋರಳ ಪಾಲಿಗೆ ಬಂದಿತ್ತು.

ಕ್ಲಬ್ಬಿನ ಅಧ್ಯಕ್ಷ ತಾರಾಲ್ಡ್. ಮರ ಕೊಯ್ಯುವ ಮಿಲ್ಲಿನ ಯಜಮಾನ, ಭಾರಿ ಆಳು. ಸಾವಿರದ ಒಂಬೈನೂರ ಐವತ್ತೊಂಬತ್ತರಲ್ಲಿ ಅವನು ಎಪ್ಪತ್ತೂವರೆ ಮೀಟರ್ ಹಾರಿದ್ದ. ಅದೇ ಸ್ಕಾರ್ವೆ ಗುಡ್ಡದ ದಾಖಲೆ. ಕ್ಲಬ್ಬಿನ ಮನೆಯೊಳಗೆ ಪೈನ್ ಹಲಗೆಯ ಮೇಲೆ ತನ್ನ ಹೆಸರಿನ ಮುಂದೆ 'ಒಂದನೇ' ಎಂದು ಅವನೇ ಕೆತ್ತಿಸಿದ್ದ. ಗುನ್ವೋರ್ ಪ್ರತಿ ವರ್ಷ ಅವನ ಹತ್ತಿರ ಹೋಗಿ, "ಈ ಸಲನಾದ್ರೂ ಪಟ್ಟಿಗೆ ಸೇರಿಸ್ಕೊಳ್ತೀಯಾ?" ಎಂದು ಕೇಳುತ್ತಿದ್ದಳು.

"ಆಗಲ್ಲಮ್ಮ. ಡಾಕ್ಟ್ರು ಹೇಳಿದ್ದಾರೆ. ಕೆಳಗೆ ಬಿದ್ದಾಗ ಆ ಹೊಡೆತಕ್ಕೆ ಹೆಂಗಸರ ಗರ್ಭಕೋಶ ಸಡಿಲ ಆಗುತ್ತಂತೆ."

"ಮುಂಚೆ ಹಾರಿದ್ರೆ ಆಗಲ್ವಾ? ಒಂದನೇಯವನು ಆದ್ಮೇಲೆ ಹಾರಿದ್ರೆ ಮಾತ್ರ ಸಡಿಲ ಆಗುತ್ತಾ?"

ತಾರಾಲ್ಡ್ ಟೋಪಿ ಸರಿಮಾಡಿಕೊಳ್ಳುತ್ತಿದ್ದ.

ತಾಪತ್ರಯ ಇದ್ದದ್ದು ಮೈಕಿನಲ್ಲಿ ಕೂಗುವ ಓಡ್ಲೆಯ್ಫ್‌ಗೆ. ಚಪ್ಪಲಿ ಹೊಲಿಯುವವನು, ಒಳ್ಳೆ ಗಂಟಲು. ಸ್ಪರ್ಧಿಗಳ ಎದೆಯ ಮೇಲೆ ನಂಬರ್ ಇರುತ್ತಿತ್ತು. ಒಂದನೆಯ ನಂಬರ್, ಎರಡನೆಯ ನಂಬರ್ ಎಂದು ಕೂಗುತ್ತಿದ್ದ. ಗುನ್ವೋರಳ ಎದೆಯ ಬಟ್ಟೆ ಬೋಳು. "ಈಗ ಬರ್ತಾ ಇದ್ದಾರೆ... ಬರ್ತಾ ಇದ್ದಾರೆ... ಒಬ್ಬರು!" ಎಂದುಬಿಡುತ್ತಿದ್ದ. ಜನ ಘೊಳ್ಳೆಂದು ನಗುತ್ತಿದ್ದರು.

ಆ ವರ್ಷದ ಜನವರಿಯ ಒಂದು ಅಭ್ಯಾಸದ ದಿನ ನನ್ನ ಗೂಡಿನೊಳಗೆ ನಾವು ನಾಲ್ಕು ಜನ ಕಾಫಿ ಕುಡಿಯುತ್ತಿದ್ದೆವು. ನಾನು, ಗುನ್ವೋರ್, ಓಡ್ಲೆಯ್ಫ್, ಮತ್ತೆ ಶೂರ್ ಮೇಷ್ಟ್ರು. ಶೂರ್ ಮೇಷ್ಟ್ರು ಶಾಲೆಯಲ್ಲಿ ಲೆಕ್ಕ ಹೇಳಿಕೊಡುತ್ತಿದ್ದರು. ಗುಡ್ಡದಲ್ಲಿ ದೂರ ಅಳೆಯುವವರ ಮುಖಂಡರು. ಸಣಕಲು ದೇಹ, ಮೂಗಿನ ತುದಿಯಲ್ಲಿ ಯಾವಾಗಲೂ ಒಂದು ಹನಿ.

"ಇವಳನ್ನ ಏನಂತ ಕೂಗ್ಲಿ ಮೇಷ್ಟ್ರೇ?" ಎಂದ ಓಡ್ಲೆಯ್ಫ್. "ಒಂದನೇಯವಳು ಅನ್ನೋ ಹಾಗಿಲ್ಲ. ಯಾರೂ ಅಲ್ಲ ಅಂದ್ರೆ ಕಣ್ಣೆದುರಿಗೇ ಹಾರ್ತಾಳೆ."

"ಸೊನ್ನೆನೇಯವಳು ಅನ್ನು," ಎಂದರು ಮೇಷ್ಟ್ರು, ಕಾಫಿಯಿಂದ ತಲೆ ಎತ್ತದೆ.

ನಮಗೆ ನಗು ತಡೆಯಲಾಗಲಿಲ್ಲ. ಒಂದನೇ, ಎರಡನೇ, ಮೂರನೇ ಅನ್ನುವುದೇನೋ ಸರಿ. ಸೊನ್ನೆನೇ? ಬಾಯಿಗೇ ಕೂರುವುದಿಲ್ಲ.

"ನಗ್ತೀರಾ? ಅದು ನಿಜವಾದ ಪದ. ಲೆಕ್ಕದವರು ದಿನಾ ಬಳಸ್ತೀವಿ."

"ಸೊನ್ನೆ ಅಂದ್ರೆ ಏನೂ ಇಲ್ಲ ಅಂತ ತಾನೇ?" ಎಂದಳು ಗುನ್ವೋರ್. "ಎಂಟು ವರ್ಷದಿಂದ ಹಾಗೇ ನಡೀತಿದೆ, ಅದಕ್ಕೊಂದು ಪದ ಬೇರೆ ಬೇಕಾ?"

ಮೇಷ್ಟ್ರು ಲೋಟ ಕೆಳಗಿಟ್ಟರು. ಅವರು ಲೋಟ ಕೆಳಗಿಟ್ಟರೆ ಪಾಠ ಶುರುವಾಯಿತು ಎಂದರ್ಥ. "ನೋಡು. ಸೊನ್ನೆ ಅನ್ನೋದು 'ಎಷ್ಟು' ಅನ್ನೋದಕ್ಕೆ ಉತ್ತರ. ಸೊನ್ನೆನೇ ಅನ್ನೋದು 'ಎಷ್ಟನೇದು' ಅನ್ನೋದಕ್ಕೆ ಉತ್ತರ. ಎರಡೂ ಬೇರೆ ಬೇರೆ. ಸೊನ್ನೆ ಜನ ಹಾರಿದ್ರು ಅಂದ್ರೆ ಯಾರೂ ಹಾರ್ಲಿಲ್ಲ. ಸೊನ್ನೆನೇಯವಳು ಹಾರಿದ್ಲು ಅಂದ್ರೆ ನೀನು ಹಾರಿದೆ. ಒಂದನೇಯವನಿಗಿಂತ ಮುಂಚೆ ಹಾರಿದೆ."

"ಮುಂಚೆ ಹಾರಿದೋಳೇ ಒಂದನೇಯವಳಲ್ವಾ?"

"ಒಂದನೇ ಅನ್ನೋ ಹೆಸರು ಆಗ್ಲೇ ಬೇರೆಯವರಿಗೆ ಕೊಟ್ಟಾಗಿದೆಯಲ್ಲ! ಆಗಲೇ ಈ ಪದ ಬೇಕಾಗೋದು. ಭೌತಶಾಸ್ತ್ರದಲ್ಲಿ ಶಾಖದ್ದು ಒಂದನೇ ನಿಯಮ, ಎರಡನೇ ನಿಯಮ, ಮೂರನೇ ನಿಯಮ ಅಂತ ಇದ್ವು. ಎಲ್ಲ ಪುಸ್ತಕದಲ್ಲೂ ಅಚ್ಚಾಗಿಹೋಗಿತ್ತು. ಆಮೇಲೆ ನೋಡ್ತಾರೆ, ಇವಕ್ಕೆಲ್ಲ ಬುಡದಲ್ಲಿ ಇನ್ನೊಂದಿದೆ, ಅದನ್ನ ಲೆಕ್ಕಕ್ಕೇ ಹಿಡಿದಿಲ್ಲ! ಈಗ ಒಂದನೇದನ್ನ ಎರಡನೇದು ಮಾಡಿದ್ರೆ ಎಲ್ಲ ಗೋಜಲು. ಅದಕ್ಕೆ ಇದನ್ನ ಸೊನ್ನೆನೇ ನಿಯಮ ಅಂದ್ರು."

"ಏನಂತೆ ಆ ನಿಯಮ?" ಎಂದ ಓಡ್ಲೆಯ್ಫ್.

"ಎರಡು ವಸ್ತು ಮೂರನೇದ್ರಷ್ಟೇ ಬೆಚ್ಚಗಿದ್ರೆ, ಅವೆರಡೂ ಒಂದಕ್ಕೊಂದು ಅಷ್ಟೇ ಬೆಚ್ಚಗಿರ್ತವೆ."

"ಇದಕ್ಕೆ ವಿಜ್ಞಾನಿಗಳು ಬೇಕಾ? ನಮ್ಮಜ್ಜಿಗೂ ಗೊತ್ತು."

"ಅದಕ್ಕೇ ಕಣೋ ಎಲ್ರೂ ಮರೆತಿದ್ದು!" ಮೇಷ್ಟ್ರು ಎದ್ದು ನಿಂತು ಗುನ್ವೋರಳ ಕಡೆ ಬೆರಳು ತೋರಿಸಿದರು. ಮೂಗಿನ ಹನಿ ಬಿದ್ದೇ ಹೋಯಿತು. "ಇವಳು ಹಾರದೆ ಒಂದನೇಯವನು ಹಾರೋಕಾಗಲ್ಲ. ಎಲ್ಲರಿಗೂ ಗೊತ್ತು, ಯಾರೂ ಹೇಳಲ್ಲ."

ಗುನ್ವೋರ್ "ಸೊನ್ನೆನೇಯವಳು" ಎಂದು ಮೆಲ್ಲಗೆ ಹೇಳಿನೋಡಿದಳು. ಹೊಸ ಬೂಟಿನೊಳಗೆ ಕಾಲು ಹಾಕಿ ನೋಡುವಂತೆ. ಮುಂದಿನ ಭಾನುವಾರ ಬಂದಾಗ ಅವಳ ಎದೆಯ ಮೇಲೆ ಊಟದ ತಟ್ಟೆಯಷ್ಟು ದೊಡ್ಡ ಕೆಂಪು ಸೊನ್ನೆ ಇತ್ತು. ಅಡುಗೆಮನೆಯ ಪರದೆಯಿಂದ ಕತ್ತರಿಸಿ ಹೊಲಿದುಕೊಂಡಿದ್ದಳು.

ಪದ ಕಣಿವೆಗೆಲ್ಲ ಹಬ್ಬಿತು. ಹಿಮ ಬಿದ್ದು ರಸ್ತೆ ಮುಚ್ಚಿದ ಊರಿಗೆ ಹೊಸದೊಂದು ಸಿಕ್ಕರೆ ಸಾಕಲ್ಲ. ಅಂಗಡಿಯ ಮಾರ್ಗಿತ್, ಗಂಡ ಏಳುವ ಮುಂಚೆ ಒಲೆಯ ಪಕ್ಕ ನಿಂತೇ ಕುಡಿಯುವ ಕಾಫಿಗೆ ಸೊನ್ನೆನೇ ಕಾಫಿ ಎಂದು ಹೆಸರಿಟ್ಟಳು. ಒಂದನೆಯದನ್ನು ಗಂಡನ ಜೊತೆ ಏನೂ ಗೊತ್ತಿಲ್ಲದವಳ ಹಾಗೆ ಕುಡಿಯುತ್ತಿದ್ದಳು. ಎಂಬತ್ತು ದಾಟಿದ ವಿಧವೆ ತೂರ್ದಿಸ್, ತನಗೆ ಇಬ್ಬರು ಗಂಡಂದಿರಲ್ಲದೆ ಒಬ್ಬ ಸೊನ್ನೆನೇಯವನೂ ಇದ್ದನೆಂದೂ, ಅವನು ಹಡಗಿನವನೆಂದೂ, ಮೂವರಲ್ಲಿ ಅವನೇ ಮೇಲೆಂದೂ ಹೆಣಿಗೆಯ ಸಂಘದಲ್ಲಿ ಬಾಯಿಬಿಟ್ಟಳು. ಡೈರಿಯಲ್ಲಿ ಗಂಟೆ ಹೊಡೆಯುವ ಮುಂಚೆಯೇ ತಿನ್ನುವ ಬ್ರೆಡ್ಡು-ಗಿಣ್ಣು ಸೊನ್ನೆನೇ ಊಟವಾಯಿತು. ಪಾದ್ರಿಯೂ ಬಿಡಲಿಲ್ಲ. ದೇವರು ಒಂದನೆಯ ದಿನ ಬೆಳಕು ಮಾಡಿದ, ಹಾಗಾದರೆ ಸೊನ್ನೆನೇ ದಿನ ಏನು ಮಾಡುತ್ತಿದ್ದ ಎಂದು ಉಪದೇಶದಲ್ಲಿ ಕೇಳಿಯೇಬಿಟ್ಟ.

ಶೂರ್ ಮೇಷ್ಟ್ರು ತಲೆ ತಲೆ ಚಚ್ಚಿಕೊಂಡರು. "ಎಲ್ಲಾದಕ್ಕೂ ಹಚ್ಚೋ ಪದ ಅಲ್ರೀ ಅದು! ಇಡೀ ಕಣಿವೆಯಲ್ಲಿ ಸರಿಯಾಗಿ ಬಳಸಿದ್ದು ಪಾದ್ರಿ ಒಬ್ಬರೇ."

"ಮತ್ತೆ ನನ್ನ ಹಡಗಿನವನು?" ಎಂದಳು ತೂರ್ದಿಸ್.

ಮೇಷ್ಟ್ರು ಸ್ವಲ್ಪ ಯೋಚಿಸಿ, "ಅವನೂ ಸರಿ" ಎಂದು ಒಪ್ಪಿಕೊಂಡರು.

ಫೆಬ್ರುವರಿಯ ಎರಡನೆಯ ಭಾನುವಾರ ಜಿಲ್ಲಾ ಸ್ಪರ್ಧೆ ನಮ್ಮ ಗುಡ್ಡದಲ್ಲಿ ನಡೆಯಿತು. ಸುತ್ತಿನ ಕಣಿವೆಗಳಿಂದ ಮೂವತ್ತೊಂದು ಜನ ಹಾರಲು ಬಂದಿದ್ದರು. ನೋಡಲು ಆರುನೂರು ಜನ. ಬಿಸಿಲು, ಕೊರೆಯುವ ಚಳಿ, ಕಣಿವೆಯ ಕೆಳಗಿನಿಂದ ಮೇಲಕ್ಕೆ ಸಣ್ಣಗೆ ಒಂದೇ ಸಮನೆ ಬೀಸುವ ಗಾಳಿ. ಜಿಗಿಯುವವರಿಗೆ ಅಂಥ ಗಾಳಿ ಅಂಗೈ ಇದ್ದ ಹಾಗೆ, ಹೊಟ್ಟೆಯ ಕೆಳಗೆ ಕೈಯಿಟ್ಟು ಎತ್ತಿ ಹಿಡಿಯುತ್ತದೆ.

ಶೂರ್ ಮೇಷ್ಟ್ರ ಕಡೆಯ ಇಪ್ಪತ್ತು ಜನ ಇಳಿಜಾರಿನ ಪಕ್ಕದಲ್ಲಿ ಮೀಟರಿಗೊಬ್ಬರಂತೆ ಸಾಲಾಗಿ ನಿಂತಿದ್ದರು. ಸ್ಕೀ ನೆಲ ಮುಟ್ಟಿದ ಕಡೆ ಯಾರಿದ್ದಾರೋ ಅವರು ಕೈ ತೋರಿಸಬೇಕು. ಪರೀಕ್ಷೆಯ ಜಿಗಿತವನ್ನು ಅಳೆಯಬೇಕಾಗಿರಲಿಲ್ಲ. ಆದರೆ ಕಣ್ಣಿಗೆ ಅಭ್ಯಾಸವಾಗಲಿ ಎಂದು ಮೇಷ್ಟ್ರು ಪ್ರತಿ ಸಲವೂ ಅಳೆಸುತ್ತಿದ್ದರು.

"ಈಗ ಬರ್ತಾ ಇದ್ದಾರೆ," ಓಡ್ಲೆಯ್ಫ್ ಮೈಕಿನಲ್ಲಿ ಗಂಟಲು ಬಿಚ್ಚಿದ, "ಸೊನ್ನೆನೇ ಜಿಗಿತಗಾರ್ತಿ, ತ್ವೆರ್ದಾಲಿನ ಗುನ್ವೋರ್ ಲಿಸ್ಲೆಗಾರ್ಡ್!"

ನಮ್ಮ ಊರಿನವರು "ಸೊನ್ನೆನೇ! ಸೊನ್ನೆನೇ!" ಎಂದು ಕೂಗಿದರು. ಹೊರಗಿನವರು ಇವರಿಗೆಲ್ಲ ಏನಾಗಿದೆ ಎಂದು ಮಿಕಮಿಕ ನೋಡಿದರು.

ಅವಳು ತುದಿಯಿಂದ ಜಾರಿ ಬಂದಳು. ಕಟ್ಟೆಯ ಅಂಚಿನಲ್ಲಿ ಸಿಡಿದು ಮೇಲೆದ್ದಳು. ಮೂಗು ಸ್ಕೀಯ ತುದಿಗೆ ತಾಗುವಷ್ಟು ಮುಂದಕ್ಕೆ ಬಾಗಿ, ಕೈಗಳನ್ನು ಪಕ್ಕಕ್ಕೆ ಒತ್ತಿಕೊಂಡು ನಮ್ಮ ಮೇಲೆ ಬಂದಳು. ನಗು ಶುರುವಾಯಿತು. ಐವತ್ತೈದು ಮೀಟರ್ ಹತ್ತಿರ ಎಲ್ಲರೂ ಇಳಿಯುವ ಹಾಗೆ ಇಳಿಯುತ್ತಾಳೆ ಅಂದುಕೊಂಡೆವು, ಇಳಿಯಲಿಲ್ಲ. ಅರವತ್ತಾಯಿತು, ಇಳಿಯಲಿಲ್ಲ. ನಗು ಜೋರಾಯಿತು. ಆಮೇಲೆ ಅವಳು ಹೇಳಿದಳು, "ಗಾಳಿ ನನ್ನನ್ನ ಕೆಳಗಿಡೋದೇ ಮರೆತುಬಿಡ್ತು ಕಣೇ. ಇನ್ನೇನು ಮುಗೀತು ಅಂದ್ಕೊಂಡೆ, ಮುಗೀಲಿಲ್ಲ. ಮತ್ತೆ ಅಂದ್ಕೊಂಡೆ, ಮತ್ತೂ ಮುಗೀಲಿಲ್ಲ. ಮಾರ್ಗಿತಳ ಬೂದು ಟೋಪಿ ಕಾಣಿಸ್ತು, ಪಾದ್ರಿಯ ಬೋಳು ತಲೆ ಕಾಣಿಸ್ತು. ಇಷ್ಟು ಹೊತ್ತು ಮೇಲಿರೋದು ಸರಿಯಲ್ಲ, ಯಾರಾದ್ರೂ ಬೈತಾರೆ ಅನ್ನಿಸ್ತು."

ಸಾಲಿನ ಕಟ್ಟಕಡೆಯವನು ಪೋಸ್ಟ್‌ಮನ್. ಅವನಿದ್ದದ್ದು ಎಪ್ಪತ್ತೆರಡನೆಯ ಮೀಟರಿನಲ್ಲಿ. ಯಾರೂ ಅಲ್ಲಿಗೆ ಬರುವುದಿಲ್ಲವೆಂದು ಅವನು ಕೈಯನ್ನು ಜೇಬಿನಲ್ಲಿಟ್ಟುಕೊಂಡು ಪೈಪು ಸೇದುತ್ತಿದ್ದ. ಗುನ್ವೋರ್ ಅವನನ್ನೂ ದಾಟಿ ಒಂದು ಹೆಜ್ಜೆ ಆಚೆ ನೆಲ ಮುಟ್ಟಿದಳು. ಒಂದು ಕಾಲು ಮುಂದೆ, ಒಂದು ಹಿಂದೆ, ಮಂಡಿ ಬಾಗಿಸಿ, ಕೈ ಚಾಚಿ, ಶುದ್ಧವಾಗಿ. ಪೋಸ್ಟ್‌ಮನ್ ಪೈಪು ಬಾಯಿಂದ ಬೀಳಿಸಿಕೊಂಡು, ಬೇಲಿ ಹಾರಿ ಓಡಿ, ಆ ಗುರುತಿನ ಪಕ್ಕ ಹಿಮದಲ್ಲಿ ಮಲಗಿಯೇಬಿಟ್ಟ, ಯಾರೂ ಅಳಿಸದಿರಲಿ ಎಂದು.

"ಎಪ್ಪತ್ತಮೂರು!" ಮೇಷ್ಟ್ರ ದನಿ ಒಡೆದುಹೋಯಿತು.

ಆರುನೂರು ಜನ ಒಟ್ಟಿಗೆ ಕಿರುಚಿದರು. ಗೊತ್ತಿಲ್ಲದವರನ್ನು ಗೊತ್ತಿಲ್ಲದವರು ತಬ್ಬಿಕೊಂಡರು. ತೂರ್ದಿಸ್ ಅಜ್ಜಿ ಊರುಗೋಲನ್ನು ಮೇಲಕ್ಕೆಸೆದಳು, ಅದು ಕಾಫಿ ಅಂಗಡಿಯ ಸೂರಿನ ಮೇಲೆ ಕೂತಿತು. ನಾನು ಗೂಡಿನೊಳಗೆ ಟೈಪ್‌ರೈಟರಿನ ಎಲ್ಲ ಕೀಲಿಗಳನ್ನೂ ಒಂದೇ ಸಲ ಗುದ್ದಿಬಿಟ್ಟೆ. ತಾರಾಲ್ಡ್ ಒಬ್ಬ ಮಾತ್ರ ಅಲ್ಲಾಡದೆ ನಿಂತಿದ್ದ. ಅವನ ಮೀಸೆಯ ಮೇಲೆ ಹಿಮ ಕಟ್ಟಿತ್ತು.

ಇದಾದ ಮೇಲೆ ನಿಯಮದ ಪ್ರಕಾರ ನಡೆಯಬೇಕಾದ್ದು ನಡೆಯಿತು. ಪರೀಕ್ಷೆಯವಳೇ ಅಷ್ಟು ದೂರ ಹೋದಳೆಂದರೆ ಗುಡ್ಡ ತೀರ ವೇಗವಾಗಿದೆ, ಗಟ್ಟಿಮುಟ್ಟಾದ ಗಂಡಸು ಹಾರಿದರೆ ಇಳಿಜಾರು ದಾಟಿ ಸಮತಟ್ಟಿಗೆ ಬಿದ್ದು ಸೊಂಟ ಮುರಿದುಕೊಳ್ಳುತ್ತಾನೆ. ಹಾಗಾಗಿ ಹೊರಡುವ ಜಾಗವನ್ನು ನಾಲ್ಕು ಮೀಟರ್ ಕೆಳಗಿಳಿಸಿದರು. ಆಮೇಲೆ ಹಾರಿದ ಮೂವತ್ತೊಂದು ಗಂಡಸರಲ್ಲಿ ಗೆದ್ದವನು ಹೋದದ್ದು ಅರವತ್ತಾರೂವರೆ. ಅವನಿಗೆ ಬೆಳ್ಳಿಯ ಕಪ್. ಗುನ್ವೋರ್ ಆ ಹೊತ್ತಿಗೆ ಕಾಫಿ ಅಂಗಡಿಯ ಸೂರಿನಿಂದ ಊರುಗೋಲು ಇಳಿಸುತ್ತಿದ್ದಳು.

ನಾನು ಪಟ್ಟಿ ಟೈಪ್ ಮಾಡಲು ಹಾಳೆ ಸಿಕ್ಕಿಸುತ್ತಿದ್ದಾಗ ಶೂರ್ ಮೇಷ್ಟ್ರು ಬಾಗಿಲಲ್ಲಿ ಇಣುಕಿದರು.

"ಯೋರುನ್, ಒಂದನೇಯವನ ಹೆಸರಿನ ಮೇಲೆ ಒಂದು ಸಾಲಿಗೆ ಜಾಗ ಇದೆಯಾ?"

"ಇದೆ."

"ಹಾಗಾದ್ರೆ ಒಂದು ಸೊನ್ನೆ. ಪಕ್ಕದಲ್ಲಿ ಒಂದು ಚುಕ್ಕೆ."

ನಮ್ಮಲ್ಲಿ ಅಂಕಿಯ ಪಕ್ಕ ಚುಕ್ಕೆ ಇಟ್ಟರೆ ಅದು 'ನೇ' ಆಗುತ್ತದೆ. ನಾನು ಚುಕ್ಕೆಯನ್ನು ಎಷ್ಟು ಗಟ್ಟಿಯಾಗಿ ಒತ್ತಿದೆನೆಂದರೆ ಕಾಗದ ತೂತಾಯಿತು. ಅದರ ಮುಂದೆ ಗುನ್ವೋರ್ ಲಿಸ್ಲೆಗಾರ್ಡ್, ಎಪ್ಪತ್ತಮೂರು ಮೀಟರ್. ತಾರಾಲ್ಡ್ ಕನ್ನಡಕ ಮನೆಯಲ್ಲಿ ಬಿಟ್ಟು ಬಂದಿದ್ದ. ಓದದೆ ರುಜು ಹಾಕಿದ. ಸೋಮವಾರ ಅದನ್ನು ಜಿಲ್ಲಾ ಸಂಘದ ಪತ್ರಿಕೆಗೆ ಅಂಚೆಯಲ್ಲಿ ಕಳಿಸಿದೆ.

ಎರಡು ವಾರದ ನಂತರ ಪತ್ರಿಕೆ ಬಂತು. ಒಂದನೆಯವನ ಮೇಲೆ ಯಾರೂ ಇರಲಿಲ್ಲ. ಕೆಳಗೆ ಓದುತ್ತಾ ಹೋದೆ. ಪಟ್ಟಿಯ ಮಧ್ಯದಲ್ಲಿ ಸಿಕ್ಕಳು. ಅಕ್ಷರ ಜೋಡಿಸಿದವನು ಒಂದು ಸೊನ್ನೆ, ಒಂದು ಚುಕ್ಕೆ ನೋಡಿ, ಅಯ್ಯೋ ಪಾಪ, ಟೈಪಿಸ್ಟ್ 'ಒಂದು' ಒತ್ತಲು ಮರೆತಿದ್ದಾಳೆ ಎಂದುಕೊಂಡಿದ್ದಾನೆ. ಒಳ್ಳೆ ಮನಸ್ಸಿನಿಂದ ಸೊನ್ನೆಯ ಮುಂದೆ ಒಂದು ಹಾಕಿ, ಅವಳನ್ನು ಹತ್ತನೆಯ ಸ್ಥಾನಕ್ಕೆ ಇಳಿಸಿದ್ದಾನೆ. ಹತ್ತನೆಯವರು ಈಗ ಇಬ್ಬರು: ಗುನ್ವೋರ್, ಎಪ್ಪತ್ತಮೂರು ಮೀಟರ್. ಆಸ್ಗೌತ್ ರೂದಿ, ಐವತ್ತೇಳು ಮೀಟರ್.

ಮಾರನೆಯ ದಿನ ಕಚೇರಿಗೆ ಫೋನು ಬಂತು.

"ನಾನು ಮೋರ್ಕೆಲಿಯಿಂದ ಬೇಕರಿ ಆಸ್ಗೌತ್. ಪಟ್ಟಿ ಟೈಪ್ ಮಾಡಿದ್ದು ನೀವೇನಾ?"

"ಹೌದು."

"ನಾನು ಹದಿನಾರು ವರ್ಷದಿಂದ ಹಾರ್ತಾ ಇದ್ದೀನಿ. ಹತ್ತರೊಳಗೆ ಬಂದಿದ್ದು ಇದೇ ಮೊದಲು. ಪತ್ರಿಕೆ ಕತ್ತರಿಸಿ ಅಂಗಡಿ ಗೋಡೆಗೆ ಅಂಟಿಸಿದ್ದೀನಿ. ಬಂದೋರೆಲ್ಲ ಏನ್ ಕೇಳ್ತಿದ್ದಾರೆ ಗೊತ್ತಾ? ನಿನ್ನ ಜೊತೆಗಿರೋ ಈ ಹೆಂಗಸು ನಿನಗಿಂತ ಹದಿನಾರು ಮೀಟರ್ ಜಾಸ್ತಿ ಹಾರಿದಾಳಲ್ಲ, ನೀನೇನು ಬನ್ನು ಕಟ್ಕೊಂಡು ಹಾರಿದ್ಯಾ ಅಂತ!"

ನಾನು ನಗು ನುಂಗಿಕೊಂಡು ಸೊನ್ನೆನೇ ವಿಷಯವನ್ನೆಲ್ಲ ಬಿಡಿಸಿ ಹೇಳಿದೆ. "ಎಪ್ಪತ್ತಮೂರು ನಿಜವಾಗ್ಲೂ ಹಾರಿದ್ರಾ?" ಎಂದ.

"ನಿಜವಾಗ್ಲೂ. ನೀವು ನೋಡ್ಲಿಲ್ವಾ?"

"ನಾನು ಆಗ ಮರದ ಹಿಂದೆ ಇದ್ದೆ. ನಂಗೆ ಹಾರೋ ಮುಂಚೆ ಹೊಟ್ಟೆ ತೊಳಸುತ್ತೆ. ಆದ್ರೆ ನಗು ಕೇಳಿಸ್ತು. ಅದು ಅವರೇನಾ?"

ಕ್ಲಬ್ಬಿನ ವಾರ್ಷಿಕ ಸಭೆ ಮಾರ್ಚಿನ ಮೊದಲ ಶನಿವಾರ ಮಧ್ಯಾಹ್ನ. ಬಾಣಲೆಯ ವಾಫಲ್ ವಾಸನೆ, ಒದ್ದೆ ಉಣ್ಣೆಯ ವಾಸನೆ, ಐವತ್ತು ಜನ. ಗುನ್ವೋರಳ ಜಿಗಿತವನ್ನು ಹಲಗೆಯ ಮೇಲೆ ಬರೆಯಬೇಕೆಂದು ಶೂರ್ ಮೇಷ್ಟ್ರು ಎದ್ದು ಹೇಳುವುದಕ್ಕೂ, ಬಾಗಿಲು ತೆರೆದು ದೊಡ್ಡದೊಂದು ರಟ್ಟಿನ ಪೆಟ್ಟಿಗೆಯ ಹಿಂದೆ ಒಬ್ಬ ದುಂಡಗಿನ ಮನುಷ್ಯ ಒಳಗೆ ಬರುವುದಕ್ಕೂ ಸರಿಹೋಯಿತು.

"ನಾನು ಹತ್ತನೇಯವನು," ಎಂದ ಅವನು. "ಇಬ್ಬರಲ್ಲಿ ಒಬ್ಬ. ಏಲಕ್ಕಿ ಬನ್ನು ತಂದಿದ್ದೀನಿ."

ಬನ್ನು ತಂದವನನ್ನು ಹೊರಗೆ ಹಾಕುವವರು ಯಾರು? ಆಸ್ಗೌತ್ ಕೂತ.

ತಾರಾಲ್ಡ್ ಸುತ್ತಿಗೆ ಕುಟ್ಟಿದ. "ದಾಖಲೆ ಅಂದ್ರೆ ಸ್ಪರ್ಧೆಯಲ್ಲಿ ಹಾರಿದ್ದು. ಅವಳು ಸ್ಪರ್ಧಿ ಅಲ್ಲ. ಮುಗೀತು."

"ಸ್ಪರ್ಧಿ ಅಲ್ಲ ಅಂದ್ರೆ ಪತ್ರಿಕೆಯಲ್ಲಿ ಹತ್ತನೇಯವಳು ಹೇಗಾದ್ಲು?" ಎಂದು ಆಸ್ಗೌತ್ ಎದ್ದ. "ಅಚ್ಚಾಗಿದೆ ಸ್ವಾಮಿ. ನಿಮ್ಮದೇ ರುಜು ಇತ್ತಂತೆ."

"ಅದು ಅಚ್ಚಿನವರ ತಪ್ಪು!"

"ಹಾಗಾದ್ರೆ ಸರಿಮಾಡಿ. ನನ್ನ ಹತ್ತನೇ ಸ್ಥಾನ ನಂಗೆ ಬಿಡಿ. ಅವರದನ್ನ ಅವರಿಗೆ ಕೊಡಿ. ಅಷ್ಟೇ ನಾನು ಕೇಳೋದು." ಕೂರುವ ಮುಂಚೆ ಅವನು ಮೊದಲ ಸಲ ಗುನ್ವೋರಳ ಮುಖ ನೋಡಿದ. ಅವನ ಕಿವಿಗಳು ಬನ್ನಿನ ನೆತ್ತಿಯಂತೆ ಕಂದು ಕೆಂಪಾದವು.

"ಡಾಕ್ಟ್ರು ಹೇಳಿದ್ದಾರೆ..." ಎಂದು ತಾರಾಲ್ಡ್ ಶುರುಮಾಡಿದ.

"ನಾನು ನಲವತ್ತು ಲೀಟರಿನ ಕ್ಯಾನು ಎತ್ತುವಾಗ ಆ ಡಾಕ್ಟ್ರು ಎಲ್ಲಿರ್ತಾರೆ?" ಎಂದಳು ಗುನ್ವೋರ್. "ಬೆಳಿಗ್ಗೆಯಿಂದ ಅರವತ್ತು ಎತ್ತಿ ಬಂದಿದ್ದೀನಿ. ಏನೂ ಬಿದ್ದಿಲ್ಲ, ಬೇಕಾದ್ರೆ ನೆಲ ನೋಡಿ."

ಐವತ್ತು ಜನವೂ ನೆಲ ನೋಡಿದರು, ಆಮೇಲೆ ಛಾವಣಿ ಹಾರಿಹೋಗುವಂತೆ ನಕ್ಕರು. ತಾರಾಲ್ಡ್ ಸುತ್ತಿಗೆ ಕುಟ್ಟಿ ಕುಟ್ಟಿ ಅದರ ಹಿಡಿ ಕಳಚಿಬಂತು.

ಸದ್ದಡಗಿದ ಮೇಲೆ ಶೂರ್ ಮೇಷ್ಟ್ರು ಹಲಗೆಯ ಹತ್ತಿರ ಹೋಗಿ ನಿಂತರು. "ತಾರಾಲ್ಡ್, ನಿನ್ನ ಹೆಸರು ಯಾರೂ ಅಳಿಸಲ್ಲ. ನಿನ್ನ ಮುಂದೆ 'ಒಂದನೇ' ಅಂತಿದೆ, ಹಾಗೇ ಇರುತ್ತೆ. ಮೇಲೆ ಒಂದು ಸಾಲು ಬರುತ್ತೆ. ಸೊನ್ನೆನೇ. ಅಷ್ಟೇ."

ತಾರಾಲ್ಡ್ ಹಿಡಿಯಿಲ್ಲದ ಸುತ್ತಿಗೆಯನ್ನು ಅಂಗೈಯಲ್ಲಿ ಉರುಳಿಸಿದ. "ನಿಲ್ಲು. ನಾನು ಎರಡನೇಯವನು ಆಗಲ್ಲ?"

"ಯಾವತ್ತೂ ಆಗಲ್ಲ."

"ನಾನೇ ಒಂದನೇಯವನು?"

"ನೀನೇ. ಅದಕ್ಕಾಗೇ ಇರೋ ಪದ ಇದು. ಯಾರನ್ನೂ ಕದಲಿಸದೆ ಜಾಗ ಮಾಡ್ಕೊಡೋದೇ ಅದರ ಕೆಲಸ."

ತಾರಾಲ್ಡ್ ಲೆಕ್ಕ ಹಾಕುವುದು ಮುಖದಲ್ಲೇ ಕಾಣುತ್ತಿತ್ತು. ಹುಬ್ಬು ಮೇಲಕ್ಕೆ ಹೋಯಿತು, ಕೆಳಕ್ಕೆ ಬಂತು. ಹದಿನೈದು ವರ್ಷ ಅವನು ಆ ಹಲಗೆಯ ಕೆಳಗೆ ಕೂತು ಕಾಫಿ ಕುಡಿದಿದ್ದ. ಪ್ರತಿ ಚಳಿಗಾಲದಲ್ಲೂ ಯಾವನೋ ಒಬ್ಬ ಎಪ್ಪತ್ತರ ಹತ್ತಿರ ಬಂದರೆ ಅವನಿಗೆ ಕಾಫಿ ಇಳಿಯುತ್ತಿರಲಿಲ್ಲ. ಈಗ ದಾಖಲೆ ಮುರಿದೂ ಆಗಿತ್ತು, ತಾನು ಒಂದನೆಯವನಾಗಿಯೂ ಉಳಿದಿದ್ದ. ಮೀಸೆಯ ಕೆಳಗೆ ಏನೋ ಸಡಿಲವಾಯಿತು. "ಹಾಗಿದ್ರೆ ಕೆತ್ತಿ!" ಎಂದು ಗುಡುಗಿದ. "ದೊಡ್ಡದಾಗಿ ಕೆತ್ತಿ! ಮರ ನನ್ನ ಮಿಲ್ಲಿಂದ ಕೊಡ್ತೀನಿ!"

ಚಪ್ಪಾಳೆ, ಕೂಗು, ಬನ್ನು. ಅದರ ನಡುವೆ ಗುನ್ವೋರ್ ಬೆಂಚಿನ ಮೇಲೆ ಹತ್ತಿ ನಿಂತಳು.

"ಹಲಗೆ ನಿಮ್ಮದು, ಏನಾದ್ರೂ ಕೆತ್ಕೊಳ್ಳಿ," ಎಂದಳು. "ನಂಗೆ ಬೇಕಾಗಿರೋದು ಬೇರೆ. ನೀವೆಲ್ಲ ಒಂದೊಂದು ಸ್ಪರ್ಧೆಯಲ್ಲಿ ಎರಡೆರಡು ಸಲ ಹಾರ್ತೀರಿ. ನಾನು ಒಂದೇ ಸಲ. ಎಂಟು ವರ್ಷದಿಂದ ಒಂದೇ ಸಲ! ಅರ್ಧ ಸೀನು ಬಂದು ನಿಂತೋದ ಹಾಗಾಗುತ್ತೆ ನಂಗೆ. ಎರಡನೇ ಸುತ್ತಿಗೂ ಮುಂಚೆ ನಾನು ಹಾರ್ಬೇಕು."

ಯಾರೂ ಇದನ್ನು ನಿರೀಕ್ಷಿಸಿರಲಿಲ್ಲ. ಓಡ್ಲೆಯ್ಫ್ ಗಾಬರಿಯಿಂದ ಮೇಷ್ಟ್ರ ಕಡೆ ತಿರುಗಿ, "ಆಗ ನಾನು ಏನಂತ ಕೂಗ್ಬೇಕು?" ಎಂದ.

"ಸೊನ್ನೆನೇಯವಳ ಎರಡನೇ ಜಿಗಿತ."

"ಅದೊಂದು ಸಲ ಬರ್ಕೊಡಿ."

ಕೈಗಳೆಲ್ಲ ಮೇಲೆದ್ದವು. ಮತ ಹಾಕುವ ಹಕ್ಕಿಲ್ಲದ ಆಸ್ಗೌತ್ ಎರಡೂ ಕೈ ಎತ್ತಿದ್ದ.

ಮುಂದಿನ ಜನವರಿಯಲ್ಲಿ ಅವಳು ಎರಡು ಸಲ ಹಾರಿದಳು. ಮೊದಲನೆಯದು ಅರವತ್ತನಾಲ್ಕು, ಅಡ್ಡಗಾಳಿ ಇತ್ತು. ಎರಡನೆಯದಕ್ಕೆ ಮೇಲೆ ಹೋಗಿ ನಿಂತಳು. ಓಡ್ಲೆಯ್ಫ್ ಚೀಟಿ ನೋಡಿಕೊಂಡು ಕೂಗಿದ. ಅವಳು ಬಂದಳು, ಅರವತ್ತೊಂಬತ್ತು ಮೀಟರ್ ಉದ್ದಕ್ಕೂ ನಕ್ಕಳು. ನೆಲ ಮುಟ್ಟಿದ ಮೇಲೂ ನಗು ನಿಲ್ಲಲಿಲ್ಲ. ಸಮತಟ್ಟಿಗೆ ಬಂದು, ತಿರುಗಿ, ನಗುವಿನ ಭಾರಕ್ಕೆ ನಿಲ್ಲಲಾರದೆ ಹಿಮದಲ್ಲಿ ಕುಕ್ಕರಿಸಿದಳು. ಆ ವರ್ಷ ಸ್ಪರ್ಧೆಗೆ ಹೆಸರು ಕೊಡದೆ ಕಾಫಿ ಅಂಗಡಿ ನಡೆಸಲು ಬಂದಿದ್ದ ಆಸ್ಗೌತ್ ಏಪ್ರನ್ನಿನಲ್ಲೇ ಓಡಿ ಬಂದ.

"ಬಿದ್ರಾ?"

"ಇಲ್ಲ, ಕೂತೆ. ನೀನೂ ಕೂತ್ಕೋ."

ಅವನು ಕೂತ. ಎರಡನೆಯ ಸುತ್ತಿನ ಒಂದನೆಯವನು ಮೇಲೆ ಕಾಯುತ್ತಿದ್ದ, ತಾರಾಲ್ಡ್ ಕೈ ಬೀಸಿ ಏಳಿ ಏಳಿ ಎನ್ನುತ್ತಿದ್ದ, ಇವರಿಬ್ಬರೂ ಏಳಲಿಲ್ಲ. ಕೊನೆಗೆ ಪೋಸ್ಟ್‌ಮನ್ ಬಂದು ಇಬ್ಬರನ್ನೂ ಒಂದೊಂದು ಕೈಹಿಡಿದು ಎಳೆದು ಪಕ್ಕಕ್ಕೆ ಕರೆದುಕೊಂಡು ಹೋದ.

ಎಪ್ಪತ್ತಾರರ ಬೇಸಿಗೆಯಲ್ಲಿ ಅವರ ಮದುವೆಯಾಯಿತು. ಅವನು ಬೇಕರಿಯನ್ನು ಈ ಕಣಿವೆಗೆ ತಂದ, ಹಾರುವುದನ್ನು ಸಂತೋಷದಿಂದ ಬಿಟ್ಟ. ಅವಳು ಡೈರಿ ಬಿಟ್ಟು ಹಿಟ್ಟು ನಾದಲು ನಿಂತಳು, ಹಾರುವುದನ್ನು ಬಿಡಲಿಲ್ಲ. ನಲವತ್ತಾರನೆಯ ವಯಸ್ಸಿನವರೆಗೂ ಪ್ರತಿ ಸ್ಪರ್ಧೆಗೆ ಎರಡೆರಡು ಸಲ ಹಾರಿದಳು. ಎಂಬತ್ತರ ದಶಕದಲ್ಲಿ ಕ್ಲಬ್ಬು ಹುಡುಗಿಯರ ತಂಡ ಕಟ್ಟಿದಾಗ ಕಲಿಸಲು ಅವಳನ್ನೇ ಕರೆದರು. ಏಳು ಹುಡುಗಿಯರು ಬಂದರು. ಅವರಲ್ಲಿ ತಾರಾಲ್ಡನ ಮೊಮ್ಮಗಳೂ ಒಬ್ಬಳು. ತಾರಾಲ್ಡ್ ಪ್ರತಿ ಮಂಗಳವಾರ ಅವಳನ್ನು ಲಾರಿಯಲ್ಲಿ ಕರೆತಂದು, ಗುಡ್ಡದ ಬುಡದಲ್ಲಿ ಕೈಕಟ್ಟಿ ನಿಂತು, "ಮುಂದಕ್ಕೆ ಬಾಗೇ! ಇನ್ನೂ ಬಾಗೇ! ಏನೂ ಆಗಲ್ಲ!" ಎಂದು ಕಣಿವೆಗೆಲ್ಲ ಕೇಳುವಂತೆ ಕೂಗುತ್ತಿದ್ದ.